ಇಲ್ಲದ ಮಗುವಿನ ಎರಡು ವಾರ

ಬ್ರೂಕ್ಲಿನ್‌ನ ಆ ನಾಲ್ಕಂತಸ್ತಿನ ಮನೆಯಲ್ಲಿ ಇಂಗ್ರಿಡ್ ಎಂಬ ಎರಡೂವರೆ ವರ್ಷದ ಚಂಡಿಯನ್ನು ಸಂಭಾಳಿಸುವ ಕೆಲಸ ಯೂಲಲಿಯದು. ಸೋಮವಾರದಿಂದ ಶುಕ್ರವಾರ, ಎಂಟರಿಂದ ಐದು. ವಾರಕ್ಕೆ ನಲವತ್ತೈದು ಗಂಟೆ ಖಾತ್ರಿ. ಮನೆಯವರು ಕರೆದರೂ ಸಂಬಳ, ಕರೆಯದಿದ್ದರೂ ಸಂಬಳ. ಹಾಗೆಂದು ಕರಾರು ಬರೆದವಳು ಮಗುವಿನ ತಾಯಿ ಟ್ಯಾಮ್ಸಿನ್, ಕಸುಬಿನಲ್ಲಿ ವಕೀಲೆ. ಶನಿವಾರ ಮಾತ್ರ ಯೂಲಲಿಯ ಸ್ವಂತದ್ದು. ಅಂದು ಅವಳು, ತನ್ನ ಹುಟ್ಟೂರು ಸೇಂಟ್ ಲೂಸಿಯಾ ದ್ವೀಪದಿಂದ ಬಂದು ಇಲ್ಲಿ ನೆಲೆಸಿದ ಹೆಂಗಸರ ಕ್ರಿಕೆಟ್ ತಂಡಕ್ಕೆ ಸ್ಪಿನ್ ಹಾಕುತ್ತಾಳೆ. ವಯಸ್ಸು ಐವತ್ತೊಂದು, ಮಂಡಿ ಕೈಕೊಟ್ಟಿದೆ, ಬೆರಳು ಇನ್ನೂ ಕೊಟ್ಟಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಂಡ ಫೈನಲ್ ಮುಟ್ಟಿತ್ತು. ಬರುವ ಶನಿವಾರವೇ ಆಟ.

ಎರಡು ವಾರ ಸಮುದ್ರದ ಕಡೆ ಹೋಗಿ ಬಂದ ಟ್ಯಾಮ್ಸಿನ್ ಸೋಮವಾರ ಬೆಳಿಗ್ಗೆ ಅಡುಗೆಮನೆಯಲ್ಲಿ, ಯೂಲಲಿ ನಮ್ಮ ಮನೆಯವಳೇ ಅಲ್ಲವೇ ಎಂದು ಶುರು ಮಾಡಿದಳು. ಈ ಮಾತು ಬಂತೆಂದರೆ ಹಿಂದೆಯೇ ಏನೋ ಗ್ರಹಚಾರ ಬರುತ್ತದೆಂದು ಪಾರ್ಕಿನ ಬೆಂಚಿನಲ್ಲಿ ಕೂರುವ ದಾದಿಯರಿಗೆಲ್ಲ ಗೊತ್ತು. ಬಂತು. ನಾವಿಲ್ಲದಾಗಲೂ ಸಂಬಳ ಕೊಟ್ಟಿದ್ದೇವೆ, ಆ ತೊಂಬತ್ತು ಗಂಟೆ ನಿಮ್ಮಿಂದ ಬಾಕಿಯಿದೆ, ಶನಿವಾರಗಳಲ್ಲಿ ತೀರಿಸಿಬಿಡಿ, ಈ ವಾರದಿಂದಲೇ, ನಮಗೊಂದು ಮದುವೆಗೆ ಹೋಗುವುದಿದೆ ಎಂದಳು.

ಯೂಲಲಿಗೆ ಮೈಯೆಲ್ಲ ಉರಿದುಹೋಯಿತು. ಆ ಎರಡು ವಾರ ಊರಿಗೆ ಹೋಗಿ ಎಂಬತ್ತೆರಡರ ತಾಯಿಯನ್ನು ನೋಡಿ ಬರುತ್ತೇನೆಂದು ಅವಳು ಬೇಡಿಕೊಂಡಿದ್ದಳು. ಮಗುವಿಗೆ ಸಮುದ್ರ ಒಗ್ಗದಿದ್ದರೆ ಯಾವ ದಿನವಾದರೂ ವಾಪಸು ಬರುತ್ತೇವೆ, ಎಲ್ಲೂ ಹೋಗಬೇಡಿ ಎಂದು ತಡೆದವಳು ಇದೇ ಮಹಾತಾಯಿ.

ಮಗು ಏನು ತಿಂದಿತು, ಎಷ್ಟು ಹೊತ್ತು ಮಲಗಿತು ಎಂದು ದಾದಿ ದಿನಾ ಬರೆದಿಡುವ ಪುಸ್ತಕ ಫ್ರಿಜ್ಜಿನ ಮೇಲಿತ್ತು. ಯೂಲಲಿ ಅದನ್ನು ತೆಗೆದು ಟ್ಯಾಮ್ಸಿನ್ ಮುಂದೆ ಇಟ್ಟಳು. ರಜೆಯ ಹತ್ತೂ ದಿನಗಳ ಹಾಳೆ ಭರ್ತಿಯಾಗಿತ್ತು.

“ಎಂಟು: ಬಂದೆ. ಇಂಗ್ರಿಡ್ ಇಲ್ಲ. ಹತ್ತು: ಖಾಲಿ ತಳ್ಳುಗಾಡಿಯನ್ನು ಪಾರ್ಕಿಗೆ ತಳ್ಳಿಕೊಂಡು ಹೋದೆ. ಎದುರಿಗೆ ಬಂದವರು ಆಚೆ ಬದಿಗೆ ಸರಿದರು. ಹನ್ನೆರಡು: ಊಟ. ಇಂಗ್ರಿಡ್ ಉಣ್ಣಲಿಲ್ಲ, ಉಗಿಯಲೂ ಇಲ್ಲ. ಒಂದು: ನಿದ್ದೆಯ ಹೊತ್ತು. ಅವಳ ಪಾಲಿನದನ್ನು ನಾನೇ ಮಾಡಿದೆ. ಐದು: ಇವತ್ತೂ ಬರಲಿಲ್ಲ. ಹೊರಟೆ.”

ಟ್ಯಾಮ್ಸಿನ್‌ಗೆ ನಗು ಬಂತು. ನಗುತ್ತಲೇ ಹಾಳೆ ತಿರುವಿದವಳು ಆರನೆಯ ದಿನಕ್ಕೆ ಬಂದು ನಿಂತಳು.

“ಹನ್ನೊಂದು: ಅಮ್ಮನ ಫೋನು. ಯಾವಾಗ ಬರ್ತೀಯೆ ಅಂದಳು. ಮಗು ಮಲಗಿದೆ, ಆಮೇಲೆ ಮಾತಾಡ್ತೀನಿ ಅಂದೆ.”

“ದಿನಾ ಬಂದಿದ್ರಾ? ಯಾರೂ ಇಲ್ಲದ ಮನೆಗೆ?”

“ಕಾಯ್ತಾ ಇರಿ ಅಂದ್ರಿ, ಕಾದೆ. ಮಗು ತಂದುಕೊಡೋದು ನಿಮ್ಮ ಕೆಲಸ ಆಗಿತ್ತು ತಾಯಿ, ನೀವು ತರಲಿಲ್ಲ. ತೊಂಬತ್ತು ಗಂಟೆ ಬಾಕಿ ಇರೋದು ನಿಜವೇ. ಆದ್ರೆ ಅದು ನಮ್ಮಮ್ಮನಿಗೆ.”

ಟ್ಯಾಮ್ಸಿನ್ ಪುಸ್ತಕ ಮುಚ್ಚಿದಳು. ಮದುವೆಗೆ ಇಂಗ್ರಿಡ್‌ಳನ್ನೂ ಕರೆದುಕೊಂಡು ಹೋಗುತ್ತೇವೆ ಎಂದಳು. ಊರಿಗೆ ಯಾವಾಗ ಹೊರಡುತ್ತೀರಿ ಎಂದು ಮೆಲ್ಲಗೆ ಕೇಳಿದಳು.

“ಫೈನಲ್ ಮುಗಿದ ಮಾರನೇ ದಿನ. ಎರಡು ವಾರ. ಎಂಟರಿಂದ ಐದು ನೀವೇ ನೋಡ್ಕೊಳ್ಳಿ, ಪುಸ್ತಕ ಬರೆಯೋದು ಮರೀಬೇಡಿ. ಎಲ್ಲೂ ಹೋಗ್ಬೇಡಿ ಮತ್ತೆ. ನಾನು ಯಾವ ದಿನವಾದ್ರೂ ವಾಪಸು ಬರಬಹುದು.”