ಡಯಾಲಿಸಿಸ್ ಪುಟದ ವಿಳಾಸ

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಸುತ್ತಿ ಬಳಸಿ ಹೇಳುವುದೇಕೆ? ಮನೆಯಲ್ಲಿ ಅವಳ ಅಡುಗೆಯನ್ನೇ ಅತ್ತೆ ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಅದನ್ನೂ ನುಂಗಿಕೊಂಡಿದ್ದೆ. ಹೋದ ವರ್ಷ, ನಾನು ಹನ್ನೊಂದು ವರ್ಷದಿಂದ ದುಡಿಯುತ್ತಿರುವ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೇ ಬಂದು ವಕ್ಕರಿಸಿದಳು! ನಮ್ಮ ಮುಖ್ಯಸ್ಥರಾದ ಸಾಹೇಬರು ಈ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿ ನಮ್ಮಿಬ್ಬರಲ್ಲಿ ಒಬ್ಬರಿಗೆ.

ಅವಳು ಬಂದವಳೇ ಆಸ್ಪತ್ರೆಯ ವೆಬ್‌ಸೈಟನ್ನು ಸಿಬ್ಬಂದಿಯ ಡೈರೆಕ್ಟರಿಗೆ, ಅಂದರೆ ಎಲ್ಲರ ಲಾಗಿನ್ ಖಾತೆಗಳಿರುವ ಪಟ್ಟಿಗೆ, ಜೋಡಿಸಿದಳು. ಬೆಳಿಗ್ಗೆ ಕಂಪ್ಯೂಟರ್ ತೆರೆಯುವ ಪಾಸ್‌ವರ್ಡೇ ವೆಬ್‌ಸೈಟಿಗೂ ಸಾಕು. ಯಾರಾದರೂ ಮೊದಲ ಸಲ ಒಳಬಂದರೆ ಅವರ ಪರಿಚಯದ ಪುಟವೊಂದು ತಾನಾಗಿಯೇ ಹುಟ್ಟಿ, ಅವರ ಲಾಗಿನ್ ಹೆಸರನ್ನೇ ವಿಳಾಸವಾಗಿ ಪಡೆಯುತ್ತದೆ. ಸಾಹೇಬರು ಹೊಗಳಿದ್ದೇ ಹೊಗಳಿದ್ದು. ಅಷ್ಟು ವರ್ಷ ನಾನು ಕೈಯಾರೆ ಒಂದೊಂದೇ ಪುಟ ಕಟ್ಟಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಸೋಮವಾರ ಡಯಾಲಿಸಿಸ್ ವಾರ್ಡಿನ ನರ್ಸ್ ಫೋನ್ ಮಾಡಿದರು.

"ಮೇಡಂ, ನಮ್ಮ ಪೇಜ್ ತೆಗೆದ್ರೆ ಖಾಲಿ ಫೋಟೋ ಬರ್ತಿದೆ. ಈ ವಾರ ಪಾಳಿ ಟೈಮ್ ಬದಲಾಗಿದೆ, ಪೇಷಂಟ್‌ಗಳು ಅಲ್ಲೇ ನೋಡೋದು."

ವಿಳಾಸಗಳ ಪಟ್ಟಿ ತೆಗೆದೆ. ಒಂದೇ ವಿಳಾಸಕ್ಕೆ ಎರಡು ಪುಟಗಳ ಜಗಳ. 'ಡಯಾಲಿಸಿಸ್' ಎಂಬ ಹೆಸರಿನ ಖಾತೆಯಿಂದ ಯಾರೋ ಒಳಬಂದಿದ್ದಾರೆ, ಹೊಸದಾಗಿ ಹುಟ್ಟಿದ ಪರಿಚಯ ಪುಟ ಅದೇ ಹೆಸರಿನ ವಾರ್ಡಿನ ವಿಳಾಸವನ್ನು ಕಿತ್ತುಕೊಂಡಿದೆ. ಪರಿಚಯ ಪುಟಗಳ ವಿಳಾಸದ ಮುಂದೆ 'ಸಿಬ್ಬಂದಿ' ಎಂದು ಸೇರಿಸಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಕೈ ಕೀಲಿಮಣೆಗೆ ಹೋಗಿತ್ತು. ಬುಧವಾರ ಸಾಹೇಬರ ಮೀಟಿಂಗ್ ಇರುವುದು ನೆನಪಾಯಿತು. ಆಗಲಿ, ಮಹಾರಾಣಿಯ ಬಂಡವಾಳ ಎಲ್ಲರೆದುರು ಬಯಲಾಗಲಿ!

"ನೋಡ್ತೀನಿ ಸಿಸ್ಟರ್" ಎಂದು ಫೋನ್ ಇಟ್ಟೆ. ನೋಡಲಿಲ್ಲ.

ಮಂಗಳವಾರ ಮೂವರು ರೋಗಿಗಳು ಹಳೆಯ ಸಮಯಕ್ಕೆ ಬಂದು ಪಾಳಿ ಕಳೆದುಕೊಂಡರು. ಅವರಲ್ಲಿ ಒಬ್ಬ ಮುದುಕಿಗೆ ರಾತ್ರಿ ಉಸಿರು ಕಟ್ಟಿ ತುರ್ತು ವಿಭಾಗಕ್ಕೆ ಸೇರಿಸಬೇಕಾಯಿತು. ಬದುಕಿಕೊಂಡರು, ಸದ್ಯ.

ಬುಧವಾರ ಸಾಹೇಬರ ಮುಖ ಕೆಂಪಗಾಗಿತ್ತು. ವಾರಗಿತ್ತಿ ಅಷ್ಟರಲ್ಲಿ ಪುಟ ಸರಿಮಾಡಿ, ಆ ಖಾತೆಯ ದಾಖಲೆ ಮುದ್ರಿಸಿದ ಒಂದು ಕಾಗದ ಹಿಡಿದು ಬಂದಿದ್ದಳು.

"ಡಯಾಲಿಸಿಸ್ ಅಂತ ಯಾವ ಮನುಷ್ಯನ ಹೆಸರಮ್ಮ? ಆ ಖಾತೆ ಮಾಡಿದ್ದು ಯಾರು?" ಎಂದರು ಸಾಹೇಬರು.

ಆಗ ನೆನಪಾಯಿತು. ಏಳು ವರ್ಷದ ಹಿಂದೆ, ಮೂವತ್ತು ನರ್ಸುಗಳಿಗೆ ಮೂವತ್ತು ಖಾತೆ ಯಾರು ಮಾಡುತ್ತಾರೆ ಎಂದು ಸೋಮಾರಿತನಕ್ಕೆ ಇಡೀ ವಾರ್ಡಿಗೆ ಒಂದೇ ಖಾತೆ ಮಾಡಿ, ವಾರ್ಡಿನ ಹೆಸರನ್ನೇ ಇಟ್ಟುಕೊಟ್ಟವಳು ನಾನು. ಮರೆತೇಬಿಟ್ಟಿದ್ದೆ. ಅವಳ ಕೈಯ ಕಾಗದದಲ್ಲಿ ನನ್ನ ಹೆಸರು ನನಗೇ ಕಾಣುತ್ತಿತ್ತು.

ಅವಳು ಕಾಗದ ಮಡಿಚಿದಳು. "ಹಳೇ ಖಾತೆ ಸರ್. ಜೋಡಿಸೋ ಮುಂಚೆ ನಾನು ಪರೀಕ್ಷೆ ಮಾಡ್ಬೇಕಿತ್ತು. ತಪ್ಪು ನಂದೇ."

ನಾನು ಬಾಯಿ ಬಿಡಲಿಲ್ಲ. ಸಂಜೆಯೊಳಗೆ ಕುರ್ಚಿ ನನ್ನದಾಯಿತು.

ಕಾರಿಡಾರಿನಲ್ಲಿ ಅವಳನ್ನು ತಡೆದು ಕೇಳಿದೆ. "ಏನೇ, ನನ್ನ ಹೆಸರು ಯಾಕೆ ಹೇಳ್ಲಿಲ್ಲ? ಉಪಕಾರ ಮಾಡ್ತಿದೀಯಾ?"

"ಖಾತೆ ಮಾತು ಬಿಡಿ ಅಕ್ಕ, ಆಗ ಎಲ್ರೂ ಹಾಗೇ ಮಾಡ್ತಿದ್ರು" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಸೋಮವಾರ ಹತ್ತೂಕಾಲಿಗೆ ಆ ಪಟ್ಟಿ ತೆಗೆದು ನೋಡಿದ್ದು ನೀವು. ಈಗ ಯಾರು ಏನು ನೋಡಿದ್ರೂ ಹೆಸರು ಸಮೇತ ದಾಖಲಾಗುತ್ತೆ. ನಂಗೆ ಒಂದು ಮಾತು ಹೇಳಿದ್ರೆ ಆ ಅಜ್ಜಿಗೆ ಹಂಗಾಗ್ತಿರ್ಲಿಲ್ಲ."

ಯಾರಾದರೂ ಕೇಳಿಸಿಕೊಂಡರೋ ಎಂದು ನಾನು ಕಾರಿಡಾರಿನ ಆಚೀಚೆ ನೋಡಿದೆ.

"ಮನೇಲಿ ಹೇಳಲ್ಲ ಬಿಡಿ" ಎಂದು ಹೊರಟುಹೋದಳು. ಅವಳು ಒಂದು ಸಲ ಕೂಗಾಡಿ ನನ್ನ ಮಾನ ಕಳೆದಿದ್ದರೂ ಆಗುತ್ತಿತ್ತು. ಇವಳೂ ನನ್ನಂಥವಳೇ ಎಂದುಕೊಂಡು ನೆಮ್ಮದಿಯಾಗಿರುತ್ತಿದ್ದೆ.