ಎಲ್ಲರದೂ ಒಂದೇ ತಪ್ಪು

ಅಮ್ಮಾನ್‌ನ ವಿಶ್ವವಿದ್ಯಾಲಯವೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ನುಹಾಗೆ ಮನುಷ್ಯರಿಗಿಂತ ಅವರು ಮಾಡುವ ತಪ್ಪುಗಳ ಪರಿಚಯವೇ ಹೆಚ್ಚು. ಸರಿಯುತ್ತರ ಎಲ್ಲರದೂ ಒಂದೇ ಆಗಿರುವುದರಿಂದ ಅದನ್ನು ನೋಡಿ ಯಾರ ಬಗ್ಗೆಯೂ ಏನೂ ತಿಳಿಯುವುದಿಲ್ಲ, ತಪ್ಪು ಮಾತ್ರ ಅವರವರ ಸ್ವಂತದ್ದು ಎಂದು ಅವಳು ತರಗತಿಯಲ್ಲಿ ಆಗಾಗ ಹೇಳುತ್ತಿದ್ದಳು. ಆ ಮಾತಿನ ಮೇಲೆಯೇ ಅವಳೊಂದು ಲೆಕ್ಕದ ವಿಧಾನ ಕಟ್ಟಿದ್ದಳು. ತೌಜೀಹಿ, ಅಂದರೆ ಶಾಲೆ ಮುಗಿಸುವ ಮಕ್ಕಳ ಕೊನೆಯ ಪರೀಕ್ಷೆ, ಅದರ ಉತ್ತರಗಳನ್ನು ಅದಕ್ಕೆ ಉಣಿಸಿದರೆ ಯಾವ ಕೊಠಡಿಯ ತಪ್ಪುಗಳು ಅನುಮಾನ ಬರುವಷ್ಟು ಒಂದೇ ಥರ ಇವೆ ಎಂದು ಅದು ತೋರಿಸುತ್ತಿತ್ತು.

ಆ ವರ್ಷ ಅದು ದಕ್ಷಿಣದ ತಫೀಲಾ ಪಟ್ಟಣದ ಆಚೆಗಿನ ಗುಡ್ಡದೂರು ಐನ್ ಅಲ್-ಬತ್ಮಾದ ಹೆಣ್ಣುಮಕ್ಕಳ ಶಾಲೆಯ ಕಡೆ ಬೆರಳು ಮಾಡಿತು. ಭೂಮಿ-ಆಕಾಶದ ಪತ್ರಿಕೆಯಲ್ಲಿ ಇಡೀ ತರಗತಿ ಒಂದೇ ಬಗೆಯ ತಪ್ಪು ಉತ್ತರಗಳನ್ನು ಗುರುತು ಮಾಡಿತ್ತು. ಇದು ಕಾಕತಾಳೀಯವಲ್ಲ ಎಂದು ನುಹಾ ಬರೆದು ಸಹಿ ಹಾಕಿದಳು. ಪರೀಕ್ಷಾ ಇಲಾಖೆಯ ಮೇಲಿನವರು ಅದನ್ನು ಸಾಮೂಹಿಕ ನಕಲು ಎಂದು ಓದಿಕೊಂಡರು. ಹುಡುಗಿಯರ ಫಲಿತಾಂಶ ರದ್ದಾಯಿತು. ಮುಂದಿನ ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದಾಯಿತು. ನುಹಾ ಅಷ್ಟರಲ್ಲಿ ಬೇರೊಂದು ಲೆಕ್ಕದಲ್ಲಿ ಮುಳುಗಿದ್ದಳು.

ತಂದೆತಾಯಂದಿರು ಮೇಲ್ಮನವಿ ಹಾಕಿದರು. ಅದನ್ನು ಕೇಳುವ ಮಂಡಳಿಯಲ್ಲಿ ಕಾನೂನು ವಿಭಾಗದ ಹಿರಿಯ ಪ್ರಾಧ್ಯಾಪಕ ಮುತಸಿಮ್ ಇದ್ದರು. ಅವರು ಒಂದು ಬೆಳಿಗ್ಗೆ ನುಹಾಳ ಕೋಣೆಗೆ ಬಂದು, ಕೂರಿ ಎನ್ನುವ ಮೊದಲೇ ಕೂತರು.

"ಕಾಕತಾಳೀಯ ಅಲ್ಲ ಅಂತ ಬರೆದಿದೀರಿ. ನಕಲು ಅಂತ ಎಲ್ಲೂ ಬರೆದಿಲ್ಲ."

"ಅದು ನನ್ನ ಕೆಲಸ ಅಲ್ವಲ್ಲ ಸರ್. ನಾನು ಲೆಕ್ಕ ಹೇಳ್ತೀನಿ, ಉಳಿದದ್ದು ನಿಮ್ಮೋರಿಗೆ ಬಿಟ್ಟಿದ್ದು."

"ನಮ್ಮೋರು ಅಂದ್ರೆ ಗೊತ್ತಲ್ಲ. ಲೆಕ್ಕ ಅಂದ ತಕ್ಷಣ ಕೈಕಟ್ಟಿ ನಿಲ್ತಾರೆ." ಮುತಸಿಮ್ ಮೇಜಿನ ಮೇಲಿದ್ದ ಕಾಫಿಯ ಬಟ್ಟಲು ತಿರುಗಿಸಿದರು. "ಆ ಹುಡುಗೀರನ್ನ ಮಾತಾಡಿಸಿದೆ ನಾನು. ನಕಲು ಮಾಡಿಲ್ಲ ಅಂತಾರೆ. ಮತ್ತೆ ಹೇಗಾಯ್ತು ಅಂದ್ರೆ ತಲೆ ತಗ್ಗಿಸ್ತಾರೆ. ನಾನು ವಕೀಲಿಕೆ ಮಾಡಿದೋನು, ಕದ್ದೋರನ್ನ ಕಂಡಿದೀನಿ ನುಹಾ. ಕದ್ದೋರು ಏನಾದ್ರೂ ಒಂದು ಕಥೆ ಕಟ್ತಾರೆ. ಇವರು ಅರ್ಧ ಸುಳ್ಳು ಕೂಡ ಹೇಳ್ತಿಲ್ಲ. ನಂಗೆ ಅದೇ ಸರಿ ಕಾಣ್ತಿಲ್ಲ. ಇನ್ನೊಂದ್ಸಲ ನೋಡಿ."

ಅವರ ಮೇಲಿನ ಗೌರವಕ್ಕೆ ನುಹಾ ನೋಡಿದಳು. ಈ ಬಾರಿ ಮೊತ್ತ ನೋಡದೆ ಒಂದೊಂದೇ ಪ್ರಶ್ನೆ ತೆಗೆದುಕೊಂಡಳು. ಬಂಡೆ, ಭೂಕಂಪ, ಗಾಳಿ, ಸಮುದ್ರ ಎಲ್ಲದರಲ್ಲೂ ಹುಡುಗಿಯರು ಮನಬಂದಂತೆ ತಪ್ಪಿದ್ದರು, ಒಬ್ಬಳ ತಪ್ಪು ಇನ್ನೊಬ್ಬಳಿಗೆ ಸಂಬಂಧವಿರಲಿಲ್ಲ. ತಪ್ಪುಗಳು ಒಂದಾಗಿದ್ದದ್ದು ಚಂದ್ರನ ವಿಷಯದಲ್ಲಿ ಮಾತ್ರ. ಚಂದ್ರ ಏಕೆ ಕರಗುತ್ತಾನೆ, ಅರ್ಧಚಂದ್ರನ ದಿನ ಸೂರ್ಯ ಯಾವ ಕಡೆ ಇರುತ್ತಾನೆ, ಹೀಗೆ. ನಕಲು ಮಾಡುವವರು ಚಂದ್ರನನ್ನಷ್ಟೇ ಆರಿಸಿಕೊಂಡು ನಕಲು ಮಾಡುವುದಿಲ್ಲ. ಇದು ಮೊದಲೇ ಕಾಣಬೇಕಿತ್ತು ಎಂದು ಅವಳಿಗೆ ಅನಿಸಿತು. ಆದರೆ ಕಾಣಬೇಕಾದರೆ ನೋಡಬೇಕಿತ್ತು, ಅವಳು ನೋಡಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಲಮೀಸ್ ಸಿಕ್ಕಳು. ಲಮೀಸ್ ಅವಳ ಹಳೆಯ ಗೆಳತಿ, ವೈದ್ಯಕೀಯ ಕಾಲೇಜಿನಲ್ಲಿ ಮಿದುಳಿನ ಸಂಶೋಧನೆ ಮಾಡುವವಳು. ಮನುಷ್ಯ ಉತ್ತರ ಹುಡುಕುವಾಗ ತಲೆಯೊಳಗೆ ಏನಾಗುತ್ತದೆ ಎಂದು ಯಂತ್ರದಲ್ಲಿ ಮಲಗಿಸಿ ನೋಡುವುದು ಅವಳ ಕಸುಬು. ನುಹಾ ಕಥೆಯನ್ನೆಲ್ಲ ಹೇಳಿದಳು. ಲಮೀಸ್ ಮಕ್ಲೂಬ ಎಂಬ ಅನ್ನದ ಅಡುಗೆಯಿಂದ ಬದನೆಕಾಯಿ ಹೋಳನ್ನು ಚಮಚದಲ್ಲಿ ಎತ್ತಿಹಿಡಿದು,

"ಯೋಚನೆ ಮಾಡ್ದೆ ಹೇಳೇ. ಅರ್ಧಚಂದ್ರ ಯಾಕೆ ಅರ್ಧ?" ಎಂದಳು.

"ಭೂಮಿ ನೆರಳು ಬೀಳತ್ತೆ."

ಲಮೀಸ್ ಪಕ್ಕದ ಮೇಜಿನವರು ತಿರುಗಿ ನೋಡುವ ಹಾಗೆ ನಕ್ಕಳು. "ಹೋಗು, ಆ ಹುಡುಗೀರ ಪಕ್ಕದಲ್ಲೇ ಒಂದು ಬೆಂಚು ಹಾಕಿಸ್ಕೋ. ನೆರಳು ಬಿದ್ರೆ ಅದು ಗ್ರಹಣ ಕಣೇ! ಚಂದ್ರನ ಅರ್ಧಭಾಗಕ್ಕೆ ಯಾವಾಗಲೂ ಬಿಸಿಲು ಇದ್ದೇ ಇರತ್ತೆ. ಆ ಬಿಸಿಲು ಬಿದ್ದ ಮೈಯಲ್ಲಿ ನಮ್ಮ ಕಡೆ ಎಷ್ಟು ತಿರುಗಿರತ್ತೋ ಅಷ್ಟು ನಮಗೆ ಕಾಣತ್ತೆ."

"ಅದು ಗೊತ್ತು ನನಗೆ."

"ಗೊತ್ತು, ಆದ್ರೂ ಬಾಯಿಗೆ ಬಂದದ್ದು ನೆರಳೇ. ಮೊದಲು ಕೂತಿದ್ದು ಎದ್ದು ಹೋಗಲ್ಲ ನುಹಾ. ಸರಿಯಾದದ್ದು ಬಂದು ಅದರ ಮೇಲೆ ಕೂತ್ಕೊಳತ್ತೆ, ಅಷ್ಟೆ. ಯಾರೋ ಆ ಮಕ್ಕಳಿಗೆ ಚೆನ್ನಾಗಿ ಕಲಿಸಿದಾರೆ. ತಪ್ಪನ್ನ ಇಷ್ಟು ಚೆನ್ನಾಗಿ ಕಲಿಸ್ಬೇಕಾದ್ರೆ ಒಳ್ಳೆ ಟೀಚರೇ ಇರ್ಬೇಕು."

ನುಹಾ ಇದನ್ನು ಮುತಸಿಮ್‌ಗೆ ಹೇಳಿದಾಗ ಅವರು ಮೀಸೆ ಸವರಿಕೊಂಡರು. "ಚೆನ್ನಾಗಿದೆ. ಆದ್ರೆ ಇದು ಊಹೆ. ಮಂಡಳಿ ಮುಂದೆ ಊಹೆ ಇಟ್ರೆ ಅರ್ಧ ಗಳಿಗೇಲಿ ಎತ್ತಿ ಬಿಸಾಕ್ತಾರೆ. 'ನಾನೇ ಹೀಗೆ ಕಲಿಸಿದೆ' ಅಂತ ಒಬ್ಬರು ಬಂದು ಹೇಳ್ಬೇಕು."

ಹಾಗಾಗಿ ನುಹಾ ದಕ್ಷಿಣಕ್ಕೆ ಹೊರಟಳು.

ಐನ್ ಅಲ್-ಬತ್ಮಾದಲ್ಲಿ ವಿಜ್ಞಾನ ಕಲಿಸುತ್ತಿದ್ದವರು ವದ್ಹಾ ಟೀಚರ್. ಐವತ್ತು ದಾಟಿದ, ಎತ್ತರದ, ದೊಡ್ಡ ದನಿಯ ಹೆಂಗಸು. ಶಾಲೆಯ ಬಾಗಿಲಲ್ಲೇ ನುಹಾಳನ್ನು ತಡೆದು ನಿಲ್ಲಿಸಿದವನು ಜವಾಹಿರ್ ಎಂಬ ಹುಡುಗಿಯ ಅಪ್ಪ, ಅಬು ಸತ್ತಾಮ್.

"ನೋಡಿ ತಾಯಿ, ಹುಡುಗೀರನ್ನ ಏನು ಬೇಕಾದ್ರೂ ಕೇಳಿ. ಟೀಚರಮ್ಮನ್ನ ಮಾತ್ರ ಇದರೊಳಗೆ ಎಳೀಬೇಡಿ."

"ಯಾಕೆ?"

"ಯಾಕಾ? ಹತ್ತನೇ ಕ್ಲಾಸಾಯ್ತು, ಇನ್ನು ಸಾಕು ಅಂತ ನಾನು ಮಗಳನ್ನ ಶಾಲೆ ಬಿಡಿಸಿದ್ದೆ. ಈಯಮ್ಮ ನಮ್ಮನೆ ಬಾಗಿಲಲ್ಲಿ ಬಂದು ಕೂತ್ರು. ಚಹಾ ಕೊಟ್ರೆ ಮುಟ್ಟಲಿಲ್ಲ. ಮಗಳನ್ನ ಕಳಿಸ್ತೀನಿ ಅಂದ್ಮೇಲೇ ಲೋಟ ಎತ್ತಿದ್ದು. ನಾನೊಬ್ಬನೇ ಅಲ್ಲ, ಈ ಊರಲ್ಲಿ ಯಾವ ಅಪ್ಪನ್ನ ಬೇಕಾದ್ರೂ ಕೇಳಿ."

ಒಳಗೆ ಹುಡುಗಿಯರು ಬಂದು ಕೂತಿದ್ದರು. ವದ್ಹಾ ಟೀಚರ್ ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದರು. ಅವರ ಮುಖದಲ್ಲಿ ಮುಚ್ಚುಮರೆ ಏನೂ ಇರಲಿಲ್ಲ, ಇದ್ದದ್ದು ಸಿಟ್ಟು ಮಾತ್ರ. ನುಹಾ ಚಂದ್ರನ ಪ್ರಶ್ನೆ ಎತ್ತಿದಳು. ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಜವಾಹಿರ್ ಎದ್ದು, ನೆಲ ನೋಡುತ್ತಾ, "ಪುಸ್ತಕ ಸರಿಯಾಗಿ ಓದಿರಲಿಲ್ಲ" ಎಂದಳು.

"ಎಲ್ಲರೂನಾ?"

"ಹೂಂ. ಎಲ್ಲರೂ."

"ಓದಿರಲಿಲ್ವಾ?" ಹಿಂದಿನಿಂದ ವದ್ಹಾ ಟೀಚರ್ ದನಿ ಬಂತು. "ಏನೇ ಜವಾಹಿರ್, ಯಾರ ಮುಂದೆ ಸುಳ್ಳು ಹೇಳ್ತಿದೀಯ? ಡಾಕ್ಟರಮ್ಮ, ಚಂದ್ರನ ಪಾಠಾನ ನಾನು ಬರೀ ಪುಸ್ತಕ ಓದಿಸಿ ಬಿಡೋಳಲ್ಲ. ಚೆಂಡು, ದೀಪ ಇಟ್ಟು ಕೈಯಾರೆ ಮಾಡಿ ತೋರಿಸ್ತೀನಿ. ನೀವೇ ನೋಡಿ, ಇವರು ಮರೆಯೋಕೆ ಸಾಧ್ಯನೇ ಇಲ್ಲ."

ಅವರು ಕಪಾಟಿನ ಕಡೆ ನಡೆದರು. ಜವಾಹಿರ್ ದಾರಿಗೆ ಅಡ್ಡ ನಿಂತಳು.

"ಮಿಸ್, ಬೇಡ ಮಿಸ್."

"ಯಾಕೆ ಬೇಡ?"

ಹುಡುಗಿ ಕಪಾಟಿಗೆ ಬೆನ್ನು ಕೊಟ್ಟು ನಿಂತಳು. ವದ್ಹಾ ಟೀಚರ್ ಅವಳನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಕಡ್ಡಿಗೆ ಚುಚ್ಚಿದ ಬಿಳಿ ಚೆಂಡು ತೆಗೆದರು, ಕಿಟಕಿಗೆ ಪರದೆ ಎಳೆದರು, ಗೋಡೆಯ ದೀಪ ಹಚ್ಚಿ ಅದಕ್ಕೆ ಬೆನ್ನು ಮಾಡಿ ನಿಂತರು. ದೀಪ ಸೂರ್ಯ, ನನ್ನ ತಲೆ ಭೂಮಿ, ಚೆಂಡು ಚಂದ್ರ ಎಂದರು. ಚೆಂಡನ್ನು ಕಣ್ಣಿನ ನೇರಕ್ಕೆ ಹಿಡಿದರು. ಅವರ ತಲೆಯ ನೆರಳು ಚೆಂಡನ್ನು ನುಂಗಿತು. ಕೈಯನ್ನು ನಿಧಾನವಾಗಿ ಒಂದು ಬದಿಗೆ ಸರಿಸಿದ ಹಾಗೆ ನೆರಳಿನಿಂದ ಮೊದಲು ಬಿಳಿಯ ಗೆರೆ ಹೊರಬಂತು, ಆಮೇಲೆ ಅರ್ಧ, ಆಮೇಲೆ ಪೂರ್ತಿ. ನೋಡಲು ಬಹಳ ಚೆನ್ನಾಗಿತ್ತು. ಮೊದಲೇ ತಿಳಿದುಕೊಂಡು ಬರದಿದ್ದರೆ ತಾನೂ ನಂಬುತ್ತಿದ್ದೆ ಎಂದು ನುಹಾ ಯೋಚಿಸಿದಳು.

"ಮಿಸ್," ಎಂದಳು, "ಚೆಂಡನ್ನ ತಲೆಗಿಂತ ಮೇಲೆ ಎತ್ತಿ."

ಎತ್ತಿದರು. ನೆರಳು ತಪ್ಪಿ ಚೆಂಡು ಪೂರ್ತಿ ಬೆಳಗಿತು.

"ಹಾಗೇ ಹಿಡ್ಕೊಂಡು ಬಲಕ್ಕೆ ತಿರುಗಿ. ದೀಪ ನಿಮ್ಮ ಭುಜದ ಕಡೆ ಬರಲಿ."

ವದ್ಹಾ ಟೀಚರ್ ತಿರುಗಿದರು. ಚೆಂಡಿನ ಅರ್ಧ ಬೆಳಕಾಗಿತ್ತು, ಅರ್ಧ ಕತ್ತಲು. ದೀಪಕ್ಕೂ ಚೆಂಡಿಗೂ ನಡುವೆ ಏನೂ ಇರಲಿಲ್ಲ, ಅವರ ತಲೆಯೂ ಇರಲಿಲ್ಲ. ಅವರು ಅದನ್ನೇ ನೋಡುತ್ತಾ ನಿಂತರು. ಎತ್ತಿದ ಕೈ ಇಳಿಸಲಿಲ್ಲ.

"ಪುಸ್ತಕದಲ್ಲೂ ಇರೋದು ಹೀಗೇ, ನೆರಳು ಅಂತ ಇಲ್ಲ," ಎಂದರು. "ಪ್ರತಿ ವರ್ಷ ಓದ್ತೀನಿ. ಇದನ್ನೇ ಓದ್ತೀನಿ."

ಆಮೇಲೆ ಹುಡುಗಿಯರ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ?"

"ಪರೀಕ್ಷೆ ಮುಗಿದ ಮೇಲೆ ಗೊತ್ತಾಯ್ತು ಮಿಸ್," ಎಂದಳು ಜವಾಹಿರ್.

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ರೋಗ? ಎರಡು ವರ್ಷ ಮನೇಲಿ ಈರುಳ್ಳಿ ಹೆಚ್ಕೊಂಡು ಕೂತಿರ್ತಿದ್ರಾ? ಕತ್ತೆಗಳಾ! ಇದಕ್ಕಾ ನಾನು ನಿಮ್ಮಪ್ಪಂದಿರ ಕೈಲಿ ಮಾತು ಕೇಳಿದ್ದು?"

"ಹೇಳಿದ್ರೆ ನಿಮ್ಮನ್ನ ತೆಗೆದುಹಾಕ್ತಾರೆ ಅಂತ..."

"ತೆಗೆದ್ರೆ ತೆಗೀಲಿ!" ಎಂದು ಕೂಗಿದ ವದ್ಹಾ ಟೀಚರ್ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತರು. ಹುಡುಗಿಯರು ಸುತ್ತ ನೆರೆದರು. ಯಾರೋ ನೀರು ತಂದರು. ನುಹಾ ಎದ್ದು ಪರದೆ ಸರಿಸಿದಳು. ಬೇರೆ ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

ಮಂಡಳಿಯ ಮುಂದೆ ವದ್ಹಾ ಟೀಚರ್ ಕಪ್ಪು ಉಡುಪಿನಲ್ಲಿ, ಚೆಂಡನ್ನು ಚೀಲದಲ್ಲಿಟ್ಟುಕೊಂಡು ಬಂದರು. ಪೂರ್ತಿ ಹೆಸರು ಹೇಳಿ, ಅಪ್ಪನ ಹೆಸರು, ಊರು ಹೇಳಿ, "ಈ ತಪ್ಪನ್ನ ಕಲಿಸಿದ್ದು ನಾನು. ಮಕ್ಕಳು ನನ್ನಿಂದ ಕಲಿತದ್ದನ್ನ ಬರೆದ್ರು, ಒಬ್ಬರನ್ನೊಬ್ಬರು ನೋಡಿ ಬರೀಲಿಲ್ಲ" ಎಂದರು. ಅಧ್ಯಕ್ಷರು, ನಿಮ್ಮ ಮೇಲೆ ಯಾರಾದರೂ ಒತ್ತಡ ಹಾಕಿದರಾ ಎಂದು ಕೇಳಿದರು.

"ನನ್ನ ಮೇಲಾ?" ಎಂದರು ಅವರು. ಆ ದನಿ ಕೇಳಿ ಅಧ್ಯಕ್ಷರು ಮುಂದಿನ ಪ್ರಶ್ನೆಗೆ ಹೋದರು.

ನುಹಾ ತನ್ನ ಹೊಸ ಲೆಕ್ಕ ಮಂಡಿಸಿದಳು. ಮೊದಲಿನ ವರದಿ ಅರೆಬರೆಯಾಗಿತ್ತು ಎಂದು ತಾನೇ ಹೇಳಿದಳು. ಹೇಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಅವಳು ಕೂತ ಮೇಲೆ ಮಂಡಳಿಯ ಹಿರಿಯ ಸದಸ್ಯರೊಬ್ಬರು ಪಕ್ಕಕ್ಕೆ ಬಾಗಿ ಮುತಸಿಮ್‌ರನ್ನು ಕೇಳಿದ್ದು ಅವಳಿಗೂ ಕೇಳಿಸಿತು.

"ಅಲ್ರೀ, ಭೂಮಿ ನೆರಳಲ್ಲದೆ ಮತ್ತೇನು?"

"ಆಮೇಲೆ ಹೇಳ್ತೀನಿ ಸುಮ್ನಿರಿ," ಎಂದು ಮುತಸಿಮ್ ಕೆಮ್ಮಿದರು.

ನಕಲಿನ ಆರೋಪ ಹೋಯಿತು. ಆದರೆ ತಪ್ಪು ಉತ್ತರಕ್ಕೆ ಅಂಕ ಬರಲಿಲ್ಲ. ಯಾರು ಕಲಿಸಿದ್ದಾದರೂ ತಪ್ಪು ತಪ್ಪೇ ಎಂದು ಆದೇಶ ಹೇಳಿತು. ಜವಾಹಿರ್‌ಗೆ ವೈದ್ಯಕೀಯದ ಸೀಟು ಕೂದಲೆಳೆಯಲ್ಲಿ ತಪ್ಪಿತು. ನನ್ನ ಸಂಬಳದಲ್ಲಿ ಬೇಕಾದ್ದು ಮುರಿದುಕೊಳ್ಳಿ, ಅವರಿಗೆ ಅಂಕ ಕೊಡಿ ಎಂದು ವದ್ಹಾ ಟೀಚರ್ ವಾದಿಸಿದರು. ಕಾನೂನಿನಲ್ಲಿ ಅಂಥ ದಾರಿ ಇಲ್ಲ ಎಂದು ಮುತಸಿಮ್ ಮೂರು ಬಗೆಯಲ್ಲಿ ಬಿಡಿಸಿ ಹೇಳಬೇಕಾಯಿತು. ವದ್ಹಾ ಟೀಚರನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ಎಚ್ಚರಿಕೆ ಪತ್ರ ಕೊಟ್ಟು, ದೊಡ್ಡ ತರಗತಿಗಳಿಂದ ಚಿಕ್ಕ ತರಗತಿಗಳಿಗೆ ಹಾಕಿದರು. ಊರಲ್ಲಿ ಕೆಲವು ತಾಯಂದಿರು ಅವರೊಡನೆ ಮಾತು ಬಿಟ್ಟರು. ಅಬು ಸತ್ತಾಮ್ ಮಾತ್ರ ಎಂದಿನ ಹಾಗೆ ಹೊಸ ಆಲಿವ್ ಎಣ್ಣೆ ತೆಗೆದಾಗ ಒಂದು ಡಬ್ಬ ಅವರ ಮನೆಗೆ ಕಳಿಸಿದ.

ಲಮೀಸ್ ಮತ್ತು ನುಹಾ ಇದರ ಮೇಲೆ ಒಂದು ಪ್ರಬಂಧ ಬರೆದರು. ಕಾನೂನಿನ ಭಾಗ ಮುತಸಿಮ್ ಬರೆದರು. ಸಂಶೋಧನೆಯ ನಿಯಮದಂತೆ ಟೀಚರ್ ಹೆಸರು ಹಾಕದೆ 'ದಕ್ಷಿಣದ ಶಾಲೆಯೊಂದರ ಶಿಕ್ಷಕಿ' ಎಂದು ಬರೆದು, ಒಪ್ಪಿಗೆಗಾಗಿ ಅವರಿಗೆ ಕಳಿಸಿದರು. ಮಾರನೆಯ ದಿನವೇ ನುಹಾಗೆ ಫೋನು ಬಂತು.

"ಇದೇನಿದು ಡಾಕ್ಟರಮ್ಮ, ನನ್ನ ಹೆಸರೆಲ್ಲಿ?"

"ನಿಮ್ಮ ಮರ್ಯಾದೆಗೆ ಅಂತ ಬಿಟ್ವಿ, ಮಿಸ್. ಅದು ನಿಯಮ."

"ನ್ಯಾಯ ಕೇಳೋರ ಮುಂದೆ ಅಪ್ಪನ ಹೆಸರು ಸಮೇತ ಹೇಳಿ ಬಂದಿದೀನಿ. ಈಗ ಮುಚ್ಚಿಟ್ರೆ ಏನಾಗತ್ತೆ ಗೊತ್ತಾ? ದಕ್ಷಿಣದಲ್ಲಿರೋ ಅಷ್ಟೂ ಟೀಚರ್‌ಗಳ ಮೇಲೆ ಅನುಮಾನ ಬರತ್ತೆ. ಪಕ್ಕದೂರಿನ ಸುಬ್‌ಹಿಯ್ಯಾ ಪಾಪ ಸರಿಯಾಗೇ ಕಲಿಸ್ತಾಳೆ. ಅವಳನ್ನ ನೋಡಿ ಜನ ನಗಬೇಕಾ?"

ಲೆಕ್ಕದ ಪ್ರಕಾರ ಆ ಹೆಂಗಸು ಹೇಳಿದ್ದು ಸರಿಯಾಗಿತ್ತು. ಸಂಶೋಧನೆಗೆ ವಿಷಯವಾದವರ ಹೆಸರು ಹಾಕುವಂತಿಲ್ಲ, ಬರೆದವರ ಹೆಸರು ಹಾಕಬಹುದು ಎಂದು ಮುತಸಿಮ್ ದಾರಿ ತೋರಿಸಿದರು. ಪಾಠ ಹೇಗೆ ಮಾಡಿದೆ ಎಂಬ ಭಾಗವನ್ನು ವದ್ಹಾ ಟೀಚರ್ ತಾವೇ ಬರೆದು ಲೇಖಕರ ಸಾಲಿಗೆ ಸೇರಿದರು. ಅದು ಉದ್ದವಾಗಿತ್ತು, ನಡುನಡುವೆ ಹುಡುಗಿಯರಿಗೆ ಬೈಗುಳವೂ ಇತ್ತು. ಲಮೀಸ್ ನಗುತ್ತಲೇ ಬೈಗುಳ ಹೊಡೆದುಹಾಕಿದಳು.

ಜವಾಹಿರ್ ಭೂಮಿ-ಆಕಾಶದ ಪರೀಕ್ಷೆಯನ್ನು ಮತ್ತೊಮ್ಮೆ ಬರೆದು ಕರಕ್ ಪಟ್ಟಣದಲ್ಲಿ ಔಷಧಶಾಸ್ತ್ರ ಓದಲು ಸೇರಿದಳು. ವೈದ್ಯಕೀಯದ ಆಸೆಯ ಬಗ್ಗೆ ಯಾರಾದರೂ ಕೇಳಿದರೆ ಬೇರೆ ಮಾತು ತೆಗೆಯುತ್ತಾಳಂತೆ. ಪ್ರಬಂಧ ಅಚ್ಚಾಗಿ ಬಂದ ದಿನ ನುಹಾ ಒಂದು ಪ್ರತಿಯನ್ನು ಅವಳಿಗೂ ಕಳಿಸಿದಳು. ಜವಾಹಿರ್ ಓದಿದಳೋ ಇಲ್ಲವೋ ತಿಳಿಯಲಿಲ್ಲ. ನುಹಾ ಕೇಳಲೂ ಇಲ್ಲ.