ಅಧ್ಯಕ್ಷರ ಕಿವಿಯ ಹತ್ತಿ

ಒಂದು ಊರು, ಊರಿಗೊಂದು ನೀರಿನ ಧಾರೆ, ಧಾರೆಯಿಂದ ಏಳು ಮಾರು ದೂರದಲ್ಲಿ ಒಬ್ಬಳು ಅಜ್ಜಿ. ಆ ಅಜ್ಜಿಯನ್ನು ಒಬ್ಬ ದೊಡ್ಡ ಮನುಷ್ಯ ಬೈಯುತ್ತಿದ್ದಾನೆ. ಕಥೆ ಅಲ್ಲಿಂದ ಶುರು.

“ಏ ಲೌಡಿ ಮುಂಡೆ! ಕಂಬ ಮುಟ್ಬ್ಯಾಡ್ವೇ! ಅಂಗಳದಾಗೆ ಕುಂತು ಹೊಲಿ ಅಂದ್ರೆ ಜಗಲಿಗೇ ಬತ್ತೀಯಾ?”

ದೊಡ್ಡ ಮನುಷ್ಯ ನೇಪಾಳದ ಬೆಟ್ಟದೂರು ನಮ್ಮ ಸಿಮಲ್‌ಡಾಂಡಾದ ವಾರ್ಡು ಅಧ್ಯಕ್ಷ, ಬ್ರಾಹ್ಮಣರ ಖಗನಾಥ ಘಿಮಿರೆ. ಅಜ್ಜಿ ನನ್ನಜ್ಜಿ, ಹೀರಿಮಾಯಾ. ನಾವು ದಮಾಯಿಗಳು. ಬೆಟ್ಟದ ಎಲ್ಲ ಜಾತಿಗೂ ಬಟ್ಟೆ ಹೊಲಿಯುವವರು, ಎಲ್ಲರ ಮದುವೆಗೂ ವಾಲಗ ಊದುವವರು. ನಾವು ಮುಟ್ಟಿದ್ದಕ್ಕೆಲ್ಲ ಮೇಲ್ಜಾತಿಯವರು ಚಿನ್ನ ಅದ್ದಿದ ನೀರು ಚಿಮುಕಿಸಿ ಮಡಿ ಮಾಡಿಕೊಳ್ಳುತ್ತಾರೆ. ಧಾರೆಯ ನೀರನ್ನು ಮಾತ್ರ ನಾವು ಹಿಡಿಯುವಂತಿಲ್ಲ. ಯಾರಾದರೂ ಮೇಲಿನಿಂದ ಸುರಿಯಬೇಕು. ಚಿಕ್ಕಂದಿನಿಂದ ಅಜ್ಜಿಯ ಪ್ರತಿ ಕಥೆಯ ಕೊನೆಗೂ ಒಂದೇ ಮಾತು: “ಸಾಯಾದ್ರೊಳಗೆ ನನ್ ಕೈಯಾರೆ ಆ ಧಾರೆಗೆ ಕೊಡ ಹಿಡ್ದು ನಿಂಗೆ ನೀರು ಕುಡುಸ್ತೀನಿ ಕಣೇ ಜುನೇಲಿ.” ಕಥೆಯ ರಾಜಕುಮಾರಿಯರಿಗೆಲ್ಲ ರಾಜ್ಯ ಸಿಕ್ಕಿತು, ನನ್ನ ನೀರು ಬರಲಿಲ್ಲ.

ಈ ಚೈತ್ರದಲ್ಲಿ ಧಾರೆಗೆ ಹೊಸ ಕಲ್ಲು ಹಾಕಿಸಿ, ಉದ್ಘಾಟನೆಗೆ ಮಂತ್ರಿಯನ್ನು ಕರೆದರು. ನೇಪಾಳದ ಜನಾಂಗಗಳೆಲ್ಲ ತಂತಮ್ಮ ಉಡುಪಿನಲ್ಲಿ ಸಾಲಾಗಿ ನಿಂತು ಸ್ವಾಗತಿಸಬೇಕಂತೆ. ಅಜ್ಜಿ ಹದಿನೈದು ದಿನ ಹೊಲಿದಳು. ಉಡುಪು ಬಂತು, ಉಡುವವರಿಲ್ಲ. ಗುರುಂಗರ ಹುಡುಗರು ದುಡಿಯಲು ಹೋಗಿ ಮಲೇಷ್ಯಾದಲ್ಲಿ, ಮಗರರು ಕತಾರಿನಲ್ಲಿ. ಶೆರ್ಪಾ, ಥಾರುಗಳು ನಮ್ಮ ಬೆಟ್ಟಕ್ಕೆ ಕಾಲಿಟ್ಟವರೇ ಅಲ್ಲ.

ಅದು ಸಾಲದೆಂಬಂತೆ, ಉದ್ಘಾಟನೆಯ ಬೆಳಿಗ್ಗೆ ಘಿಮಿರೆಗಳ ದಾಯಾದಿಯೊಬ್ಬ ಸತ್ತ ಸುದ್ದಿ ಬಂತು. ಕುಲಕ್ಕೆಲ್ಲ ಹದಿಮೂರು ದಿನ ಸೂತಕ. ಅವರ ಹೆಂಗಸರು ಬಾಗಿಲು ಹಾಕಿಕೊಂಡರು. ಆದರೆ ಸೂತಕ ತಾಗುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ದೂರದಲ್ಲಿ ಸುದ್ದಿ ಹೊತ್ತು ಓಡಿ ಬರುತ್ತಿದ್ದ ಆಳನ್ನು ಕಂಡದ್ದೇ ಖಗನಾಥ ಅಜ್ಜಿಯ ಹೊಲಿಗೆ ಚೀಲಕ್ಕೆ ಕೈ ಹಾಕಿ, ಹತ್ತಿ ಕಿತ್ತು ಎರಡೂ ಕಿವಿಗೆ ತುರುಕಿಕೊಂಡ.

“ನಂಗೇನೂ ಕೇಳಿಲ್ಲ! ಕೇಳಾದೂ ಇಲ್ಲ!” ಎಂದು ಕೂಗುತ್ತಲೇ ನಮ್ಮನ್ನು ಸಾಲಿಗೆ ನಿಲ್ಲಿಸಿದ. ಚಿಕ್ಕಪ್ಪ ಗುರುಂಗನಾದ, ಚಿಕ್ಕಮ್ಮ ಥಾರು. ನಾನು ಶೆರ್ಪಾ, ಉಣ್ಣೆಯೊಳಗೆ ಬೇಯುತ್ತಿದ್ದೆ. ಅಜ್ಜಿಗೆ ಉಳಿದದ್ದು ಬ್ರಾಹ್ಮಣರ ಕೆಂಪು ಸೀರೆ. ದಮಾಯಿಗಳಿಗೆ ಸಾಲಿನಲ್ಲಿ ಜಾಗವಿರಲಿಲ್ಲ. ಸಾಲಿನ ತುಂಬ ನಾವೇ.

“ಬಾಯ್ಬಿಟ್ರೆ ಹಲ್ಲು ಉದುರಿಸ್ತೀನಿ, ಮುದ್ಕಿ.”

“ಇರಾದೇ ಮೂರು, ಒಡೆಯಾ.”

ಅವನಿಗೆ ಕೇಳಿಸಲಿಲ್ಲ.

ಮಂತ್ರಿ ಬಂದ, ಕ್ಯಾಮೆರಾ ಬಂತು. “ಆಹಾ, ಎಷ್ಟು ಬಣ್ಣ! ಎಷ್ಟೊಂದು ಥರದ ಮುಖ!” ಎಂದು ಕಣ್ಣೊರೆಸಿಕೊಂಡ. ಗುರುಂಗನ ಮೂಗೂ ಶೆರ್ಪಾಳ ಮೂಗೂ ಅಜ್ಜಿಯದೇ ಎಂಬುದನ್ನು ಗಮನಿಸಲಿಲ್ಲ. ಕೆಂಪು ಸೀರೆಯ ಪಾದಕ್ಕೆ ಬಾಗಿದ.

“ಅಮ್ಮಾ, ಮೊದಲ ಕೊಡ ನೀವೇ ಹಿಡೀಬೇಕು.”

ಅಜ್ಜಿ ಖಗನಾಥನ ಕಡೆ ತಿರುಗಿದಳು. “ಹಿಡೀಲಾ, ಒಡೆಯಾ?”

ಖಗನಾಥ ಹಲ್ಲು ಕಿರಿದು ತಲೆಯಾಡಿಸಿದ. ಬೆಳಗಿನಿಂದ ಎಲ್ಲದಕ್ಕೂ ಹಾಗೆಯೇ ಆಡಿಸುತ್ತಿದ್ದ.

ಹಿಡಿದಳು. ತುಂಬಿತು. ಮಂತ್ರಿಯ ಬೊಗಸೆಗೆ ಸುರಿದಳು. ಅವನು ಬಾಯಿ ತುಂಬಿಕೊಂಡ ಮೇಲೆ ಮೆಲ್ಲಗೆ ಕೇಳಿದಳು:

“ತಂಪೈತಾ ಮಗಾ? ನಾನು ಹೀರಿಮಾಯಾ, ದಮಾಯಿ. ಆ ಗುರುಂಗ ನನ್ ಮಗ. ಆ ಥಾರು ಸೊಸೆ. ಬೆವೀತಾ ನಿಂತೈತಲ್ಲ ಶೆರ್ಪಾ, ಅದು ಮೊಮ್ಮಗಳು.”

ಮಂತ್ರಿಯ ಕೆನ್ನೆ ಉಬ್ಬಿತು. ಕ್ಯಾಮೆರಾ ಇನ್ನೂ ಹತ್ತಿರ ಬಂತು. ನುಂಗಿದ.

ಖಗನಾಥನ ಹೆಂಡತಿ ಸೂತಕ ಮರೆತು ಚಿನ್ನದ ನೀರಿನ ಚೊಂಬು ಹಿಡಿದು ಓಡಿ ಬಂದಳು. “ಕಿವಿ ಬಿಚ್ಚ್ರೀ! ಧಾರೆ ಕೆಡಿಸ್ಬುಟ್ಳು ರಂಡೆ!” ಅವನು ಗಾಬರಿಯಲ್ಲಿ ಹತ್ತಿ ಕಿತ್ತ. ಮೊದಲು ಒಳಹೊಕ್ಕದ್ದು ಅಜ್ಜಿಯ ದನಿ.

“ನಿಮ್ ದಾಯಾದಿ ಸತ್ತೋದ್ರಂತೆ, ಒಡೆಯಾ. ಇನ್ನು ಹದಿಮೂರು ದಿನ ನಿಮ್ಮನ್ನ ಯಾರೂ ಮುಟ್ಟಂಗಿಲ್ಲ. ಬನ್ನಿ, ನಮ್ ಸಾಲ್ನಾಗೆ ಜಾಗ ಐತೆ.”

ಮಂತ್ರಿ ಎರಡು ಹೆಜ್ಜೆ ಹಿಂದೆ ಸರಿದ, ಖಗನಾಥನಿಂದ.

“ಚಿಮುಕ್ಸವ್ವಾ,” ಎಂದಳು ಅಜ್ಜಿ ಚೊಂಬಿನವಳಿಗೆ. “ಮೊದ್ಲು ಮಂತ್ರಿ ಹೊಟ್ಟೆ ಒಳೀಕೆ.”

ಆಮೇಲೆ ಕೊಡವನ್ನು ಸೊಂಟಕ್ಕೇರಿಸಿ, ಯಾರನ್ನೂ ನೋಡದೆ ನನ್ನತ್ತ ನಡೆದು ಬಂದಳು.

“ಬೊಗಸೆ ಒಡ್ಡೇ, ಶೆರ್ಪಾ.”

ಒಡ್ಡಿದೆ. ಕುಡಿದೆ.